ಬೆನ್ನಿರುವುದು ಬಾಣಂತಿಗೆ ಮಾತ್ರವೇ?



ನಮ್ಮ ನಂಜನಗೂಡು ಅಥವಾ ತಿರುಮಕೂಡಲು ನರಸೀಪುರದ ಯಾವ ಮನೆಯಲ್ಲಾದರೂ ನಾಲ್ಕು ಜನರ ಎದುರಿಗೆ ‘ಮಸಾಜ್’ ಎಂಬ ಪದವನ್ನು ಉಚ್ಚರಿಸಿ ನೋಡಿ. ಗಂಡಸರು ಕೊಂಕುನಗೆ ಬೀರುತ್ತಾರೆ, ಹೆಂಗಸರು ಮಾತು ಬದಲಿಸುತ್ತಾರೆ. ಅದೇ ಮನೆಯಲ್ಲಿ ‘ಬಾಣಂತಿಗೆ ಎಣ್ಣೆ ನೀರು’ ಎನ್ನಿ. ಹಿರಿಯರೆಲ್ಲ ಗಂಭೀರರಾಗಿ, ಹರಳೆಣ್ಣೆ ಎಲ್ಲಿ ಸಿಗುತ್ತದೆ, ನೀರು ಹಾಕಲು ಯಾರು ಬರುತ್ತಾರೆ, ಹಂಡೆಗೆ ಸೌದೆ ಇದೆಯೇ ಎಂದು ಚರ್ಚಿಸತೊಡಗುತ್ತಾರೆ. ನಿಜವಾಗಿ ನೋಡಿದರೆ ಎರಡೂ ಒಂದೇ ಕ್ರಿಯೆ: ದಣಿದ ಮೈಯನ್ನು ಎಣ್ಣೆಹಚ್ಚಿ ನೀವುವುದು. ಒಂದು ನಾಚಿಕೆಗೇಡು, ಇನ್ನೊಂದು ಕುಲಧರ್ಮ ಹೇಗಾಯಿತು? ಎರಡನೆಯದರಲ್ಲಿ ತೊಟ್ಟಿಲೊಳಗೆ ಒಂದು ಮಗುವಿದೆ ಎಂಬುದಷ್ಟೇ ಅದಕ್ಕೆ ಉತ್ತರ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಹೆಣ್ಣಿನ ಮೈಗೆ ಆರೈಕೆ ಬೇಕೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ಆದರೆ ಆ ಆರೈಕೆಯನ್ನು ನಾವು ಹೆರಿಗೆಗೆ ಗಂಟುಹಾಕಿ, ಉಳಿದ ಆಯುಸ್ಸೆಲ್ಲ ಅದನ್ನು ಅವಳಿಗೆ ನಿರಾಕರಿಸಿದ್ದೇವೆ. ಇದು ಅನ್ಯಾಯ, ಜೊತೆಗೆ ಅನಾರೋಗ್ಯಕರ.

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಕಡೆ ಬಾಣಂತಿಗೆ ಎಣ್ಣೆಸ್ನಾನ ಸಾಮಾನ್ಯವಾಗಿ 40 ದಿನಗಳವರೆಗೆ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಇಂದಿನ ಹೆಣ್ಣುಮಕ್ಕಳಿಗೆ ಒಂದೋ ಎರಡೋ ಮಕ್ಕಳು. ಎರಡಾದರೆ 80 ದಿನ. ಎಪ್ಪತ್ತು ವರ್ಷದ ಬಾಳಿನಲ್ಲಿ 25,550 ದಿನಗಳಿವೆ. ಅದರಲ್ಲಿ ಮತ್ತೊಬ್ಬರ ಕೈ ತನ್ನ ಬೆನ್ನನ್ನು ನೀವಿದ ದಿನಗಳು ಎಂಬತ್ತು. ತಿರುಮಕೂಡಲಿನ ಕುಂಭಮೇಳವಾದರೂ 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಬರುತ್ತದೆ! ಮಕ್ಕಳಿಲ್ಲದವಳಿಗೆ, ಮದುವೆಯೇ ಆಗದವಳಿಗೆ ಆ ಎಂಬತ್ತೂ ಇಲ್ಲ. ಗಂಡನನ್ನು ಕಳೆದುಕೊಂಡವಳಿಗಂತೂ ಅಭ್ಯಂಜನವೇ ಸಲ್ಲದೆಂದು ವಿಧಿಸಿದ್ದ ಮನೆತನಗಳು ನಮ್ಮಲ್ಲಿ ಇದ್ದವೆಂಬುದು ನನ್ನ ತಲೆಮಾರಿನ ಬಂಧುಗಳಿಗೆ ಗೊತ್ತು.

ಗಂಡಸಿನ ಮೈಗೆ ಈ ಬಗೆಯ ಷರತ್ತುಗಳು ಎಂದೂ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಗಸ್ನಾನದ ವಿವರಗಳಿವೆ. ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮುಗಿಸಿದ ಪೈಲ್ವಾನನ ಮೈಯನ್ನು ಜೊತೆಗಾರರು ತಿಕ್ಕಿ ನೀವಿ ಹದಗೊಳಿಸುತ್ತಿದ್ದರು. ಅದನ್ನು ಯಾರೂ ಶೋಕಿ ಎನ್ನಲಿಲ್ಲ. ದುಡಿದ ಸ್ನಾಯುವಿಗೆ ಸಲ್ಲಬೇಕಾದ ಮರ್ಯಾದೆ ಎಂದರು. ಹಾಗಾದರೆ ಕಪಿಲೆ, ಕಾವೇರಿಯರ ನಾಲೆಯ ಬಯಲಿನಲ್ಲಿ ದಿನವಿಡೀ ಬಗ್ಗಿ ಭತ್ತದ ನಾಟಿ ಹಾಕುವವಳ ಸೊಂಟ ಸ್ನಾಯುವಿನಿಂದ ಆದದ್ದಲ್ಲವೇ? ಟಿ. ನರಸೀಪುರದ ಕಡೆ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವಳ ಬೆರಳು, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಎಂಟು ಗಂಟೆ ನಿಂತೇ ದುಡಿದು ಬರುವವಳ ಕಾಲು, ಮನೆಗೆ ಬಂದ ಮೇಲೆ ಮತ್ತೆ ಒಲೆಯ ಮುಂದೆ ನಿಲ್ಲುವ ಅದೇ ಕಾಲು, ಇವುಗಳಿಗೆ ಯಾವ ಗರಡಿಮನೆ ಇದೆ?

ದೀಪಾವಳಿಯ ನರಕ ಚತುರ್ದಶಿಯನ್ನೇ ನೋಡಿ. ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹಂಡೆಗೆ ಉರಿ ಹಾಕಿ, ಗಂಡನಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರ ನೆತ್ತಿಗೂ ಎಣ್ಣೆಯೊತ್ತುವವಳು ಮನೆಯ ಯಜಮಾನಿ. ಕೊನೆಗೆ ಉಳಿದ ನೀರಿನಲ್ಲಿ, ಉಳಿದ ಎಣ್ಣೆಯನ್ನು ತಾನೇ ತಲೆಗೆ ತಟ್ಟಿಕೊಂಡು, ಹೋಳಿಗೆಗೆ ಹೊತ್ತಾಯಿತೆಂದು ಅವಸರದಲ್ಲಿ ಎರಡು ಚೊಂಬು ಸುರಿದುಕೊಂಡು ಬರುವವಳೂ ಅವಳೇ. ತನ್ನ ಬೆನ್ನಿಗೆ ತನ್ನ ಕೈ ಎಟಕುವುದಿಲ್ಲ ಎಂಬ ಸರಳ ಸಂಗತಿ ವರ್ಷಕ್ಕೊಮ್ಮೆಯಾದರೂ ಆ ಮನೆಯವರ ಗಮನಕ್ಕೆ ಬರಬಾರದೇ? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಲಕ್ಷ್ಮೀದೇವಿಯು ಶೇಷಶಾಯಿಯ ಪಾದವನ್ನು ಒತ್ತುತ್ತಿರುವ ಚಿತ್ರಕ್ಕೆ ನಾವು ದಿನವೂ ಕೈಮುಗಿಯುತ್ತೇವೆ. ಆ ತಾಯಿಗೂ ಕೈ ಸೋಲಬಹುದೆಂದು ಯಾರಿಗೂ ಅನ್ನಿಸಿದಂತಿಲ್ಲ.

ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವ ಬಂಧುಗಳಿಗೆ ಒಂದು ಮಾತು. ವಾಗ್ಭಟನ ‘ಅಷ್ಟಾಂಗಹೃದಯ’ವು ಅಭ್ಯಂಗವನ್ನು ದಿನಚರಿಯ ಅಧ್ಯಾಯದಲ್ಲಿ ಇರಿಸಿದೆ. ಹಲ್ಲುಜ್ಜುವಂತೆ, ವ್ಯಾಯಾಮದಂತೆ, ಅದು ನಿತ್ಯದ ಕೆಲಸ. ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಮಾಡಬೇಕಾದುದು. ಅಜೀರ್ಣವಿರುವವರು, ಕಫದ ತೊಂದರೆಯವರು ಮೊದಲಾದವರಿಗೆ ಬೇಡವೆಂಬ ಎಚ್ಚರಿಕೆಯೂ ಅಲ್ಲೇ ಇದೆ. ಹೆತ್ತವಳಿಗೆ ಮಾತ್ರ ಎಂಬ ನಿಬಂಧನೆ ಅಲ್ಲಿಲ್ಲ. ಆ ನಿಬಂಧನೆಯನ್ನು ಸೇರಿಸಿದವರು ನಾವು.

ಇನ್ನು ಆಧುನಿಕರ ಸರದಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಓದಿ ದೊಡ್ಡ ಹುದ್ದೆಗೇರಿದ ಕೆಲವರು, “ಟೀಚರ್, ಇದೆಲ್ಲ ಹಳೆಯ ಕಾಲದ ನಂಬಿಕೆ, ಈಗ ಒಳ್ಳೆಯ ಮಾತ್ರೆಗಳಿವೆ” ಎನ್ನುತ್ತಾರೆ. ಅವರು ಗೌರವಿಸುವ ಸಂಸ್ಥೆಯ ಮಾತನ್ನೇ ಅವರ ಮುಂದಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ, ಹೆರಿಗೆ ನೋವಿನ ವೇಳೆ ಉಪಶಮನ ಬಯಸುವ ಆರೋಗ್ಯವಂತ ಗರ್ಭಿಣಿಗೆ ಅವಳ ಇಚ್ಛೆಯಂತೆ ಮೈ ನೀವುವುದನ್ನೂ ಬಿಸಿ ಶಾಖವನ್ನೂ ಸೂಚಿಸಲಾಗಿದೆ. ಬಳಿಯಲ್ಲಿ ಅವಳಿಗೆ ಬೇಕಾದವರೊಬ್ಬರು ಇರಬೇಕೆಂದೂ ಹೇಳಲಾಗಿದೆ. ಅದೇ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಸಂಬಂಧಿಸಿದ ಮಾರ್ಗಸೂಚಿ ಪ್ರಕಟಿಸಿದಾಗ, ವ್ಯಾಯಾಮ, ತಿಳಿವಳಿಕೆ ಮೊದಲಾದವುಗಳ ಜೊತೆಗೆ ಮರ್ದನವನ್ನೂ ನೀಡಬಹುದಾದ ಉಪಚಾರಗಳ ಪಟ್ಟಿಯಲ್ಲಿ ಸೇರಿಸಿತು. ಇದರಿಂದ ಸಿಗುವ ಉಪಶಮನ ಹೆಚ್ಚಾಗಿ ಅಲ್ಪಕಾಲದ್ದು ಎಂಬುದೂ ಸಂಶೋಧನೆಗಳ ತೀರ್ಮಾನ. ಆದರೇನು? ಊಟದಿಂದ ಸಿಗುವ ತೃಪ್ತಿಯೂ ಅಲ್ಪಕಾಲದ್ದೇ. ಅದಕ್ಕೆಂದು ನಾವು ಊಟ ಬಿಟ್ಟಿಲ್ಲ, ದಿನವೂ ಉಣ್ಣುತ್ತೇವೆ.

ಮಾತ್ರೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ನಾಟಿಯ ದಿನಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಹೆಂಗಸರು ಎಷ್ಟು ಮಂದಿ! ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು, ರಾತ್ರಿ ಮಲಗುವ ಮುನ್ನ ಒಂದು. ಇಂಥ ಹಲವು ಮಾತ್ರೆಗಳು ದಿನವೂ ನುಂಗಿದರೆ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಹತ್ತು ನಿಮಿಷ ಯಾರಾದರೂ ಅವಳ ಸೊಂಟವನ್ನು ನೀವಿದ್ದರೆ ಅವುಗಳಲ್ಲಿ ಎಷ್ಟೋ ಮಾತ್ರೆಗಳು ಅಂಗಡಿಯಲ್ಲೇ ಉಳಿಯುತ್ತಿದ್ದವು.

ಮೈಯಷ್ಟೇ ಮನಸ್ಸಿನ ಮಾತೂ ಇದೆ. ಭಾರತದ ಬಾಣಂತಿಯರಲ್ಲಿ ನೂರಕ್ಕೆ ಸುಮಾರು 22 ಮಂದಿ ಹೆರಿಗೆಯ ನಂತರದ ಖಿನ್ನತೆಗೆ ಒಳಗಾಗುತ್ತಾರೆಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಅಂದಾಜು ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನೇ ತೆರೆಯಬೇಕಾಯಿತು. ಎಣ್ಣೆ ತಿಕ್ಕಿದರೆ ಖಿನ್ನತೆ ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ವೈದ್ಯರು ಬೇಕು. ಆದರೆ ಹಳೆಯ ಬಾಣಂತನದಲ್ಲಿ ಒಂದು ಗುಟ್ಟಿತ್ತು. ಬಚ್ಚಲುಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಇರುತ್ತಿದ್ದವರು ಇಬ್ಬರೇ ಹೆಂಗಸರು. ಅತ್ತೆಯ ಎದುರಿಗೆ ಆಡಲಾಗದ ಮಾತನ್ನು, ಗಂಡನಿಗೆ ಹೇಳಲಾಗದ ಅಳುವನ್ನು ಆ ಹುಡುಗಿ ನೀರು ಹಾಕುವವಳ ಮುಂದೆ ಹೊರಹಾಕುತ್ತಿದ್ದಳು. “ಯಾಕವ್ವಾ, ನೆನ್ನೆಯಿಂದ ಮಗೀನ ಮಕಾನೇ ನೋಡ್ತಿಲ್ಲ ನೀನು?” ಎಂದು ಮೊದಲು ಕೇಳುತ್ತಿದ್ದವಳು ಅವಳೇ. ಮಗುವಿನ ತೂಕವನ್ನು ವಾರವಾರ ಬರೆದಿಡುವ ನಾವು ತಾಯಿಯ ಮುಖವನ್ನು ದಿನವೂ ನೋಡುವ ಆ ಒಂದು ಜೊತೆ ಕಣ್ಣನ್ನು ಕಳೆದುಕೊಂಡಿದ್ದೇವೆ.

ಹಾಗೆಂದು ಹಳೆಯದೆಲ್ಲ ಚಿನ್ನವೆನ್ನುವವಳು ನಾನಲ್ಲ. ಈ ವಿಷಯದಲ್ಲಿ ನನ್ನ ಅಸಮಾಧಾನ ಮೂಢರ ಮೇಲೆ ಎಷ್ಟಿದೆಯೋ ವ್ಯಾಪಾರಿಗಳ ಮೇಲೂ ಅಷ್ಟೇ ಇದೆ. ಈ ಎಣ್ಣೆ ತಿಕ್ಕಿದರೆ ಗರ್ಭಕೋಶದ ಗಡ್ಡೆ ಕರಗುತ್ತದೆ, ಪಿಸಿಓಡಿ ಮಾಯವಾಗುತ್ತದೆ, ಬಂಜೆತನ ನೀಗುತ್ತದೆ, ಮೈಯೊಳಗಿನ ನಂಜೆಲ್ಲ ಹೊರಬರುತ್ತದೆ ಎಂಬ ಜಾಹೀರಾತುಗಳು ದಿನಬೆಳಗಾದರೆ ಮೊಬೈಲಿನಲ್ಲಿ ತೇಲಿಬರುತ್ತವೆ. ನಂಜನ್ನು ಉಂಡವನು ನಮ್ಮೂರ ನಂಜುಂಡೇಶ್ವರ. ಆ ಕೆಲಸವನ್ನು ಎಣ್ಣೆಗೆ ವಹಿಸುವುದು ಬೇಡ. ನಮ್ಮ ಮೈಯಲ್ಲಿ ಅದಕ್ಕೆಂದೇ ಯಕೃತ್ತು, ಮೂತ್ರಪಿಂಡಗಳಿವೆಯೆಂದು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಗಡ್ಡೆಯನ್ನು ನೀವಿ ಕರಗಿಸಲಾಗದು. ಎದೆಯಲ್ಲಿ ಗಂಟು ಕಂಡರೆ ಎಣ್ಣೆ ಹಚ್ಚುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅವರಿಗೆ ಬೇಕಾದುದು ಸೊಪ್ಪು, ಕಾಳು, ಕಬ್ಬಿಣಾಂಶದ ಮಾತ್ರೆ ಮತ್ತು ಕಾರಣ ಹುಡುಕುವ ವೈದ್ಯರು. ಎಣ್ಣೆಯಿಂದ ರಕ್ತ ಬಾರದು.

ಬಾಣಂತನದ ಪದ್ಧತಿಯೂ ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕಾಗಿದೆ. ಅದೇ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸುಮಾರು 31 ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ. ನಮ್ಮ ಅಜ್ಜಿಯರ ಎಣ್ಣೆನೀರು ಹೊಟ್ಟೆಯಲ್ಲಿ ಹೊಲಿಗೆಯಿಲ್ಲದ ಬಾಣಂತಿಗೆ ರೂಪಿಸಿದ್ದು. ಹೊಲಿಗೆಯಿರುವವಳ ಹೊಟ್ಟೆಯನ್ನು ಹಾಗೆಯೇ ಉಜ್ಜುವುದು, ದೂರದಿಂದ ಬಿಸಿನೀರು ಎರಚುವುದು ಕ್ರೌರ್ಯ. ಆದ್ದರಿಂದ ಮಗಳ ಬಾಣಂತನಕ್ಕೆ ಸಿದ್ಧರಾಗುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯರು ದಯವಿಟ್ಟು ಇಷ್ಟನ್ನು ನೆನಪಿಡಬೇಕು.

ಶಸ್ತ್ರಚಿಕಿತ್ಸೆಯಾಗಿದ್ದರೆ ಗಾಯ ಮಾಗಿದೆಯೆಂದು ವೈದ್ಯರು ಹೇಳುವವರೆಗೆ ಹೊಟ್ಟೆಯ ತಂಟೆಗೆ ಹೋಗಬಾರದು. ಕೈ, ಕಾಲು, ಭುಜ, ತಲೆ ಸಾಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಉಜ್ಜಲೇಬಾರದು. ಹೆರಿಗೆಯ ನಂತರದ ಆರು ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಉಜ್ಜಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತಾಗಬಹುದು. ಜ್ವರ, ಹೆಚ್ಚು ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಇವು ಕಂಡರೆ ಹಂಡೆಯ ಉರಿ ಆರಿಸಿ ಆಸ್ಪತ್ರೆಗೆ ಹೊರಡಬೇಕು. ಬಾಣಂತಿಗೆ ಕುಡಿಯುವ ನೀರನ್ನು ಅಳೆದು ಕೊಡುವ ಪದ್ಧತಿಯನ್ನು ಇಂದೇ ಬಿಡಬೇಕು. ಮೈಯಲ್ಲಿ ನೀರಿನಂಶ ಒಣಗಿದರೆ ರಕ್ತ ಹೆಪ್ಪುಗಟ್ಟುವ ಸಂಭವ ಇನ್ನೂ ಹೆಚ್ಚುತ್ತದೆ. ಹೆರಿಗೆಯ ವೇಳೆ ಮಗು ಬೇಗ ಬರಲೆಂದು ಹೊಟ್ಟೆಯನ್ನು ಮೇಲಿನಿಂದ ಒತ್ತುವುದಂತೂ ಬೇಡವೇ ಬೇಡ. 2018ರ ಶಿಫಾರಸಿನಲ್ಲಿ ಅದನ್ನು ಸ್ಪಷ್ಟವಾಗಿ ನಿರಾಕರಿಸಲಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಅವಳು ‘ಸಾಕು, ನೋಯುತ್ತದೆ’ ಎಂದರೆ ಕೈ ನಿಲ್ಲಬೇಕು. ‘ನಾವೆಲ್ಲ ತಡೆದುಕೊಳ್ಳಲಿಲ್ಲವೇ’ ಎಂಬುದು ಉತ್ತರವಾಗದು.

ಈಗ ಆ ಕೈಗಳ ಮಾತಿಗೆ ಬರೋಣ. ಬಾಣಂತಿಗೆ ನೀರು ಹಾಕುವ ಹೆಂಗಸು ನಮ್ಮ ಊರುಗಳಲ್ಲಿ ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಸೂರ್ಯ ಮೂಡುವ ಮುನ್ನ ಬಂದು, ಬಚ್ಚಲಲ್ಲಿ ಬೆವರಿಳಿಸಿ, ಕೊನೆಯ ದಿನ ಒಂದು ಸೀರೆ, ರವಿಕೆ ಕಣ, ನಾಲ್ಕು ಸೇರು ಅಕ್ಕಿ, ಒಂದಷ್ಟು ಚಿಲ್ಲರೆ ಪಡೆದು ಹಿತ್ತಲಿನಿಂದಲೇ ಹೊರಡುತ್ತಿದ್ದಳು. ಅವಳ ಕೈ ಮನೆಯ ಸೊಸೆಯ ಮೈಯನ್ನೆಲ್ಲ ಮುಟ್ಟಬಹುದಿತ್ತು. ಅವಳ ಕಾಫಿಯ ಲೋಟ ಮಾತ್ರ ಬೇರೆಯದಾಗಿರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡಗಳ ಬಗ್ಗೆ ಮಾತ್ರ ಹುಟ್ಟಿದ್ದಲ್ಲವೇನೋ ಎಂದು ನನಗೆ ಅನುಮಾನ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ವರ್ಷದ ಡಿಸೆಂಬರಿನಲ್ಲೇ ಅವರು ತೀರಿಕೊಂಡರು. ಒಬ್ಬರಿಗೆ ಪದಕ ತೊಡಿಸಿದ್ದರಿಂದ ಉಳಿದ ಸಾವಿರಾರು ಕೈಗಳ ಋಣ ಹರಿಯಿತೇ? ಅವರ ಹೆಣ್ಣುಮಕ್ಕಳು ಈ ಕೆಲಸವನ್ನು ಬಿಟ್ಟು ಹೋಗುತ್ತಿದ್ದಾರೆ. ಗೌರವವೂ ಸಂಬಳವೂ ಇಲ್ಲದ ವಿದ್ಯೆಯನ್ನು ಯಾರು ಕಲಿತಾರು?

ಬೇರೆ ದಾರಿ ಇದೆ. ಮಲೇಷ್ಯಾದಲ್ಲಿಯೂ ನಮ್ಮಂತೆಯೇ ಬಾಣಂತಿಯ ಮೈ ನೀವುವ, ಹೊಟ್ಟೆಗೆ ಬಟ್ಟೆ ಸುತ್ತುವ ಸಂಪ್ರದಾಯವಿದೆ. ಆ ಸರ್ಕಾರ ಅದನ್ನು ಹೀಗಳೆಯಲೂ ಇಲ್ಲ, ಹಾಗೆಯೇ ಬಿಟ್ಟುಬಿಡಲೂ ಇಲ್ಲ. 2007ರಲ್ಲಿ ಕೆಪಾಲ ಬಾತಾಸ್ ಎಂಬ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾಂಪ್ರದಾಯಿಕ ಚಿಕಿತ್ಸೆಯ ವಿಭಾಗವನ್ನು ತೆರೆದು, ಮುಂದೆ ಇತರ ಆಸ್ಪತ್ರೆಗಳಿಗೂ ವಿಸ್ತರಿಸಿತು. ಅಲ್ಲಿ ಬಾಣಂತಿಯ ಆರೈಕೆಯ ಜೊತೆಗೆ ಹಳೆಯ ನೋವುಗಳಿಗೂ ಮರ್ದನ ದೊರೆಯುತ್ತದೆ. 2016ರಲ್ಲಿ ಅದಕ್ಕೊಂದು ಕಾಯಿದೆಯನ್ನೂ ಮಾಡಿತು.

ನಮಗೇನು ಕೊರತೆ? ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಳೆಯದು. ನಂಜನಗೂಡಿನ ಸದ್ವೈದ್ಯಶಾಲೆ 1913ರಲ್ಲಿ ಸ್ಥಾಪನೆಯಾದುದು. ಅಲ್ಲಿನ ಹಲ್ಲುಪುಡಿಯಿಂದ ಹಲ್ಲುಜ್ಜಿ ಬೆಳೆದವರು ನಾವು. ಒಂದು ಶತಮಾನದ ವೈದ್ಯವಿದ್ಯೆ ಮಗ್ಗುಲಲ್ಲೇ ಇದ್ದೂ, ನಂಜನಗೂಡಿನ ಮತ್ತು ಟಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಂಗಸರಿಗೆಂದೇ, ಹೆಂಗಸರೇ ನಡೆಸುವ ಒಂದು ಮರ್ದನದ ಕೋಣೆ ಬೇಕೆಂದು ನಾವು ಯಾರೂ ಕೂಗಿ ಕೇಳಿಲ್ಲ. ನೀರು ಹಾಕುವ ಹೆಂಗಸರಿಗೆ ಫಿಸಿಯೋಥೆರಪಿ ಮತ್ತು ಆಯುರ್ವೇದದ ವೈದ್ಯರಿಂದ ಕೆಲವು ತಿಂಗಳ ತರಬೇತಿ, ಒಂದು ಗುರುತಿನ ಚೀಟಿ, ತಿಂಗಳ ಸಂಬಳ. ಎಲ್ಲಿ ಒತ್ತಬಾರದು, ಯಾವಾಗ ವೈದ್ಯರ ಬಳಿಗೆ ಕಳುಹಿಸಬೇಕು ಎಂಬ ಪಾಠ. ಹೆತ್ತವಳು, ಹೆರದವಳು, ಮುಟ್ಟು ನಿಂತವಳು, ಗದ್ದೆಯಿಂದ ಬಂದವಳು, ಕಾರ್ಖಾನೆಯಿಂದ ಬಂದವಳು, ಎಲ್ಲರಿಗೂ ಅಲ್ಲಿ ಪ್ರವೇಶವಿರಬೇಕು. ಹೀಗಾದರೆ ‘ಮಸಾಜ್’ ಎಂಬ ಪದಕ್ಕೆ ಮೆತ್ತಿರುವ ಕೊಳೆಯೂ ತಾನಾಗಿ ತೊಳೆದುಹೋಗುತ್ತದೆ. ಪಂಚಾಯಿತಿ ಸದಸ್ಯರಾಗಿರುವ, ಸರ್ಕಾರಿ ನೌಕರಿಯಲ್ಲಿರುವ ನನ್ನ ವಿದ್ಯಾರ್ಥಿಗಳು ಇದನ್ನೊಂದು ಮನವಿಯೆಂದು ಓದಿಕೊಳ್ಳಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. “ಹೆಂಡತಿಯ ಬೆನ್ನಿಗೆ ಎಣ್ಣೆ ತಿಕ್ಕುವುದೇ? ಊರವರು ಏನೆಂದಾರು?” ಎಂದು ಹಿಂಜರಿಯುವ ಗಂಡಸರಿಗೆ ನನ್ನದೊಂದೇ ಪ್ರಶ್ನೆ: ನಿಮ್ಮ ಕಾಲನ್ನು ಅವಳು ಒತ್ತಿದಾಗ ಊರವರು ಏನಾದರೂ ಅಂದಿದ್ದರೇ? ಮಗನಿಗೆ ತಾಯಿಯ ಪಾದ, ಮಗಳಿಗೆ ಅಜ್ಜಿಯ ಮಂಡಿ, ಸೊಸೆಗೆ ಅತ್ತೆಯ ಭುಜ, ಅತ್ತೆಗೆ ಸೊಸೆಯ ನೆತ್ತಿ. ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಅಂಗೈಗೆ ಹಚ್ಚಿಕೊಂಡು, ಬೆನ್ನುಮೂಳೆಯನ್ನು ಬಿಟ್ಟು ಅದರ ಎರಡೂ ಬದಿಯ ಮಾಂಸಲ ಭಾಗವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀವಿ. ಉಬ್ಬಿದ ರಕ್ತನಾಳ, ಬಾವು, ಗಾಯ ಇರುವಲ್ಲಿ ಕೈಯಿಡಬೇಡಿ. ವಯಸ್ಸಾದವರ ಮೂಳೆ ಸವೆದಿರುತ್ತದೆ, ಬಲ ಹಾಕಬೇಡಿ. ಎಷ್ಟು ಒತ್ತಬೇಕೆಂದು ಅವರನ್ನೇ ಕೇಳಿ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿರಲಿ.

ಮುಂದಿನ ಭಾನುವಾರ ನಿಮ್ಮ ಮನೆಯಲ್ಲಿ ಎಣ್ಣೆಯ ಬಟ್ಟಲು ಯಾರ ಕಡೆಗೆ ಮೊದಲು ಸಾಗುತ್ತದೆ ಎಂಬುದನ್ನು ಗಮನಿಸಿ. ಅದು ಎಂದಿನಂತೆ ನಿಮ್ಮ ಕಡೆಗೇ ಬಂದರೆ, ತೆಗೆದುಕೊಂಡು ಅಡುಗೆಮನೆಯ ಕಡೆಗೆ ಹೋಗಿ.

ಇಂತಿ,
ನಿಮ್ಮ ಟೀಚರ್